ಗೋಡೆ ಉದುರುತ್ತಿದೆಯೇ? ಮೇಸ್ತ್ರಿಗೆ ಫೋನ್ ಮಾಡುವ ಮುಂಚೆ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಪಕ್ಕದ ಗೋಡೆಗೆ ಎರಡು ಸಲ ದುಡ್ಡು ಸುರಿದಿದ್ದೇವೆ. ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತು ನೋಡಿ, "ಹಳೇ ಪೇಂಟು ಅಕ್ಕಾ, ಕೆರೆದು ಪುಟ್ಟಿ ಹೊಡೆದ್ರೆ ಗಾಜಿನ ಥರ ಆಗುತ್ತೆ" ಅಂದರು. ಗಾಜಿನ ಥರ ಆಯಿತು ಕೂಡ. ನಾಲ್ಕು ತಿಂಗಳಲ್ಲಿ ಅದೇ ಜಾಗದಲ್ಲಿ ಪೇಂಟು ಹಪ್ಪಳದಂತೆ ಉಬ್ಬಿ, ಒಳಗಿಂದ ಬಿಳಿ ಹಿಟ್ಟು ಉದುರತೊಡಗಿತು. ಎರಡನೆಯವರು ವಾಟರ್‌ಪ್ರೂಫ್ ಪುಟ್ಟಿ ಅಂತ ಹೇಳಿ ದುಪ್ಪಟ್ಟು ತೆಗೆದುಕೊಂಡರು. ಈ ಸಲ ಉಬ್ಬು ಒಂದಡಿ ಪಕ್ಕಕ್ಕೆ ಸರಿದು ಕಾಣಿಸಿತು, ಅಷ್ಟೇ ವ್ಯತ್ಯಾಸ. ಕೊನೆಗೆ ಒಬ್ಬ ಪ್ಲಂಬರ್ ಬಂದು ಗೋಡೆಯ ಆಚೆ ಬದಿಯ ಬಚ್ಚಲುಮನೆಯಲ್ಲಿ ಒಂದೇ ಒಂದು ಟೈಲ್ ಒಡೆದ. ಶವರ್ ಮಿಕ್ಸರ್ ಹಿಂದೆ, ಪೈಪು ತಿರುಗುವ ಎಲ್ಬೋದಲ್ಲಿ ಸೂಜಿಮೊನೆಯಷ್ಟು ಸೋರಿಕೆ.

ಬಂದ ಇಬ್ಬರದೂ ಕೈಕೆಲಸ ಚೆನ್ನಾಗಿತ್ತು. ನಾವು "ಇದನ್ನ ಮುಚ್ಚಿಕೊಡಿ" ಅಂದೆವು, ಅವರು ಮುಚ್ಚಿಕೊಟ್ಟರು. ತಪ್ಪಿದ್ದು ಕರೆದ ಕ್ರಮ. ಗಾರೆ ಕೆಲಸದವರು ಬರಬೇಕಾದದ್ದು ಕೊನೆಗೆ. ಅದಕ್ಕೂ ಮುಂಚೆ ಗೋಡೆ ಯಾಕೆ ಉದುರುತ್ತಿದೆ ಅಂತ ಮನೆಯವರೇ ಒಂದು ವಾರ ಪತ್ತೇದಾರಿ ಮಾಡಬೇಕು. ಆ ವಾರದಲ್ಲಿ ಏನೇನು ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನಿಮ್ಮ ಗೋಡೆ ಯಾವ ಜಾತಿ

ಉದುರಿದ ಜಾಗದ ಅಂಚನ್ನು ಮೊಳೆಯಿಂದ ಸ್ವಲ್ಪ ಆಳಕ್ಕೆ ಕೆರೆಯಿರಿ. ಮೇಲೆ ಬಿಳಿ, ಒಳಗೆ ಬೂದು ಬಣ್ಣದ ಮರಳು ಸಿಕ್ಕರೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ. ಅರ್ಧ ಇಂಚು ಹೋದರೂ ಬಿಳಿಯೇ ಬರುತ್ತಿದ್ದರೆ ಜಿಪ್ಸಂ ಪ್ಲಾಸ್ಟರ್. ಈಚಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಸಾಮಾನ್ಯ. ತಟ್ಟಿದಲ್ಲೆಲ್ಲ ಡಬ್ಬದ ಸದ್ದು ಬಂದು, ಸುಮಾರು ಎರಡು ಅಡಿಗೊಂದು ಕಡೆ ಮಾತ್ರ ಗಟ್ಟಿ ಅನಿಸಿದರೆ ಅದು ಜಿಪ್ಸಂ ಬೋರ್ಡ್, ಹಿಂದೆ ತಗಡಿನ ಚಾನೆಲ್. ಬಸವನಗುಡಿ, ಮಲ್ಲೇಶ್ವರದಂಥ ಕಡೆ ಉಳಿದಿರುವ ಹಳೆಯ ಮನೆಗಳಲ್ಲಿ ನಾಲ್ಕನೆಯ ಜಾತಿಯೂ ಇದೆ: ಮಣ್ಣಿನ ಗೋಡೆಗೆ ಸುಣ್ಣದ ಗಾರೆ. ಕೆರೆದರೆ ಕೆನೆ ಬಣ್ಣ, ಉಗುರಿಗೂ ಮೆತ್ತಗೆ.

ಇದು ಯಾಕೆ ಮುಖ್ಯ ಅಂದರೆ, ಜಿಪ್ಸಂ ನೀರಿನಲ್ಲಿ ಅಲ್ಪಸ್ವಲ್ಪ ಕರಗುವ ವಸ್ತು. ತೇವ ನಿಂತರೆ ಅದು ಸೋತು ಬೆಣ್ಣೆಯಾಗುತ್ತದೆ, ಮತ್ತೆ ಒಣಗಿದರೂ ಹಳೆಯ ಗಟ್ಟಿತನ ಬರುವುದಿಲ್ಲ. ಸಿಮೆಂಟ್ ಹಾಗಲ್ಲ, ನೆನೆದು ಒಣಗಿ ನಿಲ್ಲುತ್ತದೆ. ಅಲ್ಲಿ ಹಾಳಾಗುವುದು ಮೇಲಿನ ಪುಟ್ಟಿ, ಪೇಂಟು. ಸುಣ್ಣದ ಗೋಡೆಗೆ ಸಿಮೆಂಟ್ ತೇಪೆ ಹಾಕುವುದು ಹಳೆಯ ಹತ್ತಿ ಪಂಚೆಗೆ ಗೋಣಿಚೀಲ ಹೊಲಿದ ಹಾಗೆ: ತೇಪೆ ಗಟ್ಟಿ ನಿಲ್ಲುತ್ತದೆ, ಸುತ್ತಲಿನದು ಹರಿಯುತ್ತದೆ. ಒಳಗಿನ ತೇವವೂ ಹೊರಬರಲು ದಾರಿಯಿಲ್ಲದೆ ಪಕ್ಕಕ್ಕೆ ಹಬ್ಬುತ್ತದೆ. ಅಂಥ ಮನೆಗೆ ಸುಣ್ಣದ ಕೆಲಸ ಬಲ್ಲವರೇ ಬೇಕು. ಸಿಗುವುದು ಕಷ್ಟ, ಆದರೂ ಹುಡುಕಿ.

ಎಷ್ಟು ಎತ್ತರದಲ್ಲಿ ಉದುರುತ್ತಿದೆ

ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ನೆಲದಿಂದ ಮೊಣಕಾಲು, ಹೆಚ್ಚೆಂದರೆ ಸೊಂಟದವರೆಗೆ, ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿ ಗೆರೆ ಎಳೆದಂತೆ ಉದುರಿದ್ದರೆ ತೇವ ಕೆಳಗಿನಿಂದ ಏರುತ್ತಿದೆ. ಗೆರೆಯ ಮೇಲಂಚಿನಲ್ಲಿ ಹತ್ತಿಯ ಎಳೆಯಂಥ ಉಪ್ಪು ಬೆಳೆದಿರುತ್ತದೆ. ನೆಲದಿಂದ ಮೇಲೆ ಬಂದ ನೀರು ಆವಿಯಾಗಿ, ತಂದ ಉಪ್ಪನ್ನು ಅಲ್ಲಿ ಬಿಟ್ಟು ಹೋಗಿರುತ್ತದೆ. ಆ ಉಪ್ಪು ಹರಳುಗಟ್ಟುವಾಗ ಹಿಗ್ಗುವ ಬಲಕ್ಕೇ ಪುಟ್ಟಿ ಸಿಡಿಯುವುದು. ಹೊರಗೆ ಹೋಗಿ ನೋಡಿ. ಆ ಗೋಡೆಗೆ ಒರಗಿಸಿ ಕೈತೋಟದ ಮಣ್ಣು ಏರಿಸಿದ್ದೀರಾ? ಗೋಡೆಯ ಬುಡದಲ್ಲೇ ಸಂಪ್, ಅಂದರೆ ನೆಲದೊಳಗಿನ ನೀರಿನ ತೊಟ್ಟಿ, ಇದೆಯಾ? ನಮ್ಮ ಊರಿನ 30×40 ಸೈಟುಗಳಲ್ಲಿ ಕಾರು ನಿಲ್ಲುವ ಜಾಗದ ಕೆಳಗೇ ಸಂಪ್ ಇರುವುದರಿಂದ ಇದು ಬಹಳ ಸಾಮಾನ್ಯ. ಸಂಪ್ ಪರೀಕ್ಷೆ ಸುಲಭ: ರಾತ್ರಿ, ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ, ಒಂದು ಕೋಲು ಇಳಿಸಿ ಮಟ್ಟ ಗುರುತು ಮಾಡಿ. ಬೆಳಗ್ಗೆ ಇಳಿದಿದ್ದರೆ ಗೋಡೆ ಬಿಟ್ಟು ಸಂಪಿನ ಕೆಲಸ ಮಾಡಿಸಿ.

ಗೋಡೆಯ ಮಧ್ಯದಲ್ಲಿ ಮೋಡದಂತೆ ಹರಡಿದ ಕಲೆ, ಆಚೆ ಬದಿ ಬಚ್ಚಲೋ ಅಡುಗೆಮನೆಯ ಸಿಂಕೋ ಇದ್ದರೆ ಅನುಮಾನ ಪೈಪಿನ ಮೇಲೆ. ಇಲ್ಲಿ ಇನ್ನೊಂದು ಭೇದ ಗೊತ್ತಿರಲಿ. ನೀರು ಬರುವ ಪೈಪ್ ಸೋರಿದರೆ ಇಪ್ಪತ್ನಾಲ್ಕು ಗಂಟೆಯೂ ಒಂದೇ ಸಮ ಸೋರುತ್ತದೆ. ನೀರು ಹೋಗುವ ಪೈಪ್ ಸೋರಿದರೆ ಬಳಸಿದಾಗ ಮಾತ್ರ. ಒಂದು ವಾರ ಊರಿಗೆ ಹೋಗಿ ಬಂದಾಗ ಗೋಡೆ ಒಣಗಿದ್ದರೆ ಬಚ್ಚಲ ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪ್ ಕಡೆ ನೋಡಿ. ಹಾಗೇ ಒದ್ದೆಯಿದ್ದರೆ ಗೋಡೆಯೊಳಗಿನ ನೀರಿನ ಲೈನ್.

ನೀರಿನ ಲೈನ್ ಪರೀಕ್ಷೆಗೆ ಜಲಮಂಡಳಿಯ ಮೀಟರ್ ನೋಡುತ್ತಾ ಕೂರಬೇಡಿ. ಅದು ಸಂಪಿಗೆ ಬೀಳುವ ನೀರನ್ನಷ್ಟೇ ಎಣಿಸುತ್ತದೆ. ಮನೆಯೊಳಗಿನ ಸೋರಿಕೆಗೆ ತಾರಸಿಯ ಟ್ಯಾಂಕೇ ಮೀಟರ್. ಮಲಗುವ ಮುಂಚೆ ಎಲ್ಲ ನಲ್ಲಿ, ಫ್ಲಶ್ ಟ್ಯಾಂಕಿನ ಆಂಗಲ್ ವಾಲ್ವ್ ಕೂಡ ಮುಚ್ಚಿ, ಮಟ್ಟ ಗುರುತಿಸಿ. ಸಾವಿರ ಲೀಟರಿನ ಟ್ಯಾಂಕ್‌ನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು ಎಂಟೊಂಬತ್ತು ಲೀಟರ್ ಹೋಗಿದೆ ಅಂತ ಲೆಕ್ಕ. ತೀರಾ ಸಣ್ಣ ಸೋರಿಕೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ನಮ್ಮದೂ ಸಿಕ್ಕಿರಲಿಲ್ಲ. ಅಂಥದಕ್ಕೆ ಪ್ಲಂಬರ್‌ಗಳ ಹತ್ತಿರ ಕೈಪಂಪು ಇರುತ್ತದೆ. ಲೈನಿಗೆ ಒತ್ತಡ ಕೊಟ್ಟು, ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದೆಯೇ ಅಂತ ನೋಡುತ್ತಾರೆ. ಫೋನಿನಲ್ಲೇ ಕೇಳಿ, "ಪ್ರೆಶರ್ ಟೆಸ್ಟ್ ಪಂಪ್ ಇದೆಯಾ?" ಇಲ್ಲ ಅಂದವರು ಟೈಲ್ ಒಡೆದು ಹುಡುಕುತ್ತಾರೆ, ಅದು ನಿಮ್ಮ ಖರ್ಚು.

ಮೇಲೆ, ಚಾವಣಿಯ ಅಂಚಿನಲ್ಲಿ, ಮಳೆ ಬಂದು ಎರಡು ಮೂರು ದಿನಕ್ಕೆ ಕಲೆ ಎದ್ದರೆ ತಾರಸಿಗೆ ಹತ್ತಿ. ಪ್ಯಾರಾಪೆಟ್ ಗೋಡೆ ತಾರಸಿಯ ನೆಲಕ್ಕೆ ಸೇರುವ ಮೂಲೆ, ಮಳೆನೀರು ಇಳಿಯುವ ಪೈಪಿನ ಬಾಯಿ, ಸೋಲಾರ್ ಹೀಟರಿನ ಕಾಲುಗಳಿಗೆ ಕೊರೆದ ತೂತು, ಈ ಮೂರನ್ನು ಮೊದಲು ನೋಡಿ.

ಬೆಂಗಳೂರಿಗೇ ಮೀಸಲಾದ ಇನ್ನೊಂದು ರೋಗವಿದೆ. ನಿಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಕೈಯೂ ತೂರದ ಸಂದು. ಪಕ್ಕದವರದು ಮೊದಲೇ ಎದ್ದಿದ್ದರಿಂದ ನಿಮ್ಮ ಗೋಡೆಯ ಆ ಹೊರಮೈಗೆ ಪ್ಲಾಸ್ಟರೇ ಆಗಿಲ್ಲ, ಕರಣೆ ಹಿಡಿದು ನಿಲ್ಲಲು ಜಾಗವಿರಲಿಲ್ಲ. ಬೋಳು ಬ್ಲಾಕು ಮಳೆ ಕುಡಿದು ನಿಮ್ಮ ಬೆಡ್‌ರೂಮಿನ ಕಡೆ ಬೆವರುತ್ತದೆ. ಒಳಗಿನಿಂದ ಎಷ್ಟು ಸಲ ಏನು ಹಚ್ಚಿದರೂ ಅದು ನಿಲ್ಲದು. ಎರಡೂ ಪ್ಯಾರಾಪೆಟ್‌ಗಳ ನಡುವಿನ ಆ ಸಂದಿಗೆ ಮೇಲಿನಿಂದ ತಗಡಿನ ಮುಚ್ಚಳ ಕೂರಿಸಬೇಕು. ಅದಕ್ಕೆ ಬೇಕಾದವನು ಫ್ಯಾಬ್ರಿಕೇಶನ್ ಕೆಲಸದವನು. ಅದಕ್ಕೂ ಮುಂಚೆ ಪಕ್ಕದ ಮನೆಯವರ ಜೊತೆ ಒಂದು ಲೋಟ ಕಾಫಿ.

ಇದು ನಿಜವಾಗಿ ಗೋಡೆಯ ತೇವವೋ, ಕಿಟಕಿ ಮುಚ್ಚಿಟ್ಟ ಕೋಣೆಯ ಬೆವರೋ ಅನ್ನುವ ಗೊಂದಲವಿದ್ದರೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಗೋಡೆ ಕಡೆಯ ಮೈಯಲ್ಲಿ ಹನಿಯಿದ್ದರೆ ಗೋಡೆ ಒದ್ದೆ. ಕೋಣೆಯ ಕಡೆ ಹನಿಯಿದ್ದರೆ ಗಾಳಿಯಾಡಿಸಿ, ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ಎಳೆಯಿರಿ, ಯಾರನ್ನೂ ಕರೆಯಬೇಡಿ.

ಒದ್ದೆ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಮಾತ್ರ ಈ ಪತ್ತೇದಾರಿ ಆಮೇಲೆ. ಮೊದಲು ಆ ಭಾಗದ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು ಆರ್‌ಸಿಸಿಬಿ, ಅದು ಮಳೆಗಾಲದಲ್ಲಿ ಮಾತ್ರ ಪದೇಪದೇ ಬೀಳುವುದೂ ಗೋಡೆ ಒದ್ದೆಯಾಗಿರುವುದರ ಒಂದು ಸುಳಿವು.

ಬಿರುಕು: ಯಾವುದಕ್ಕೆ ಹೆದರಬೇಕು

ಬಹಳಷ್ಟು ಬಿರುಕಿಗೆ ಹೆದರಬೇಕಿಲ್ಲ. ಜೇಡರ ಬಲೆಯಂತೆ ಹರಡಿ, ವಿಸಿಟಿಂಗ್ ಕಾರ್ಡಿನ ಅಂಚೂ ತೂರದಷ್ಟು ಸಣ್ಣದಾಗಿದ್ದರೆ ಅದು ಪ್ಲಾಸ್ಟರ್ ಬೇಗ ಒಣಗಿ ಕುಗ್ಗಿದ ಗುರುತು. ಕಾಂಕ್ರೀಟಿಗೆ ಬರುವ ಎಂ-ಸ್ಯಾಂಡ್‌ನಲ್ಲೇ (ಕಲ್ಲು ಪುಡಿ ಮಾಡಿದ ಮರಳು) ಪ್ಲಾಸ್ಟರ್ ಮಾಡಿದ್ದಿರಬಹುದು, ನೀರು ಹೊಡೆಯದೆ ಬಿಟ್ಟಿರಬಹುದು, ಅಥವಾ ನುಣುಪು ಬರಲೆಂದು ಮೇಲೆ ಒಣ ಸಿಮೆಂಟ್ ಎರಚಿ ಉಜ್ಜಿರಬಹುದು. ಪೇಂಟರ್ ಒಬ್ಬನೇ ಸಾಕು.

ಬೀಮಿನ ಕೆಳಗೆ ನೇರ ಅಡ್ಡಗೆರೆ, ಪಿಲ್ಲರ್ ಪಕ್ಕದಲ್ಲಿ ನೇರ ಉದ್ದಗೆರೆ ಅಂದರೆ ಕಾಂಕ್ರೀಟೂ ಬ್ಲಾಕೂ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತಿವೆ, ಆ ಸೇರುವೆಯಲ್ಲಿ ಕೋಳಿ ಜಾಲರಿ ಹಾಕದೆ ಪ್ಲಾಸ್ಟರ್ ಎಳೆದಿದ್ದಾರೆ. ಇದಕ್ಕೆ ಪುಟ್ಟಿ ತುಂಬಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಬಾಯಿಬಿಡುತ್ತದೆ. ಎರಡೂ ಬದಿ ನಾಲ್ಕು ನಾಲ್ಕು ಇಂಚು ಪ್ಲಾಸ್ಟರ್ ಕಿತ್ತು, ಜಾಲರಿ ಬಡಿದು, ಮತ್ತೆ ಗಾರೆ ಮಾಡಬೇಕು. ಇದು ಮೇಸ್ತ್ರಿಯ ಕೆಲಸ.

ಒಂದು ರೂಪಾಯಿ ನಾಣ್ಯ ಸಲೀಸಾಗಿ ತೂರುವ ಬಿರುಕು, ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಇಳಿದಿದ್ದು, ಗೋಡೆಯ ಆಚೆ ಬದಿಯಲ್ಲೂ ಅದೇ ಜಾಗದಲ್ಲಿ ಕಾಣಿಸಿದರೆ ಎಚ್ಚರ. ಪಕ್ಕದ ಸೈಟಿನಲ್ಲಿ ಪಾಯ ತೋಡುತ್ತಿದ್ದರಂತೂ ಕಾಯಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಕರೆಯಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ಮೇಸ್ತ್ರಿ ಎಷ್ಟೇ ಅನುಭವಿಯಾದರೂ ಈ ಪ್ರಶ್ನೆ ಅವರಿಗಲ್ಲ.

ಟೊಳ್ಳು

ನಾಣ್ಯದಿಂದಲೋ ಸ್ಕ್ರೂಡ್ರೈವರಿನ ಹಿಡಿಯಿಂದಲೋ ಗೋಡೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ "ಟಕ್", ಬಿಟ್ಟುಕೊಂಡಲ್ಲಿ "ಡೊಬ್". ಟೊಳ್ಳಿನ ಗಡಿಯನ್ನು ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಕಣ್ಣಿಗೆ ಅಂಗೈಯಗಲ ಉದುರಿರುವ ಗೋಡೆಯಲ್ಲಿ ಟೊಳ್ಳು ಎರಡು ಮಾರು ಇರುವುದುಂಟು. ಈ ಸುತ್ತು ರೇಟು ಮಾತಾಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಒಡೆಯಲು ಶುರು ಮಾಡಿದ ಮೇಲೆ "ಇಷ್ಟೆಲ್ಲ ಹೋಗಿದೆ ಅಕ್ಕಾ" ಅಂತ ಲೆಕ್ಕ ಬೆಳೆಯುವುದಿಲ್ಲ. ಬೋರ್ಡ್ ಗೋಡೆಗೆ ಈ ಪರೀಕ್ಷೆ ನಡೆಯದು, ಅದು ಹುಟ್ಟಾ ಟೊಳ್ಳು.

ಚಾವಣಿಯಲ್ಲಿ "ಡೊಬ್" ಕೇಳಿದರೆ ಮಂಚ, ತೊಟ್ಟಿಲು ಅಲ್ಲಿಂದ ಸರಿಸಿ, ಆಮೇಲೆ ಮುಂದಿನ ಯೋಚನೆ. ಚಾವಣಿಯಿಂದ ಹೆಕ್ಕಳಿಕೆ ಬಿದ್ದು ಒಳಗೆ ಕೆಂಪು ತುಕ್ಕಿನ ಕಂಬಿ ಕಂಡರೆ ಅದು ಪ್ಲಾಸ್ಟರಿನ ದೋಷವೇ ಅಲ್ಲ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಊದಿಕೊಳ್ಳುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟು ಸಿಡಿದಿದೆ. ಅದರ ಮೇಲೆ ಸಿಮೆಂಟ್ ಮೆತ್ತಿಸಿ ಪೇಂಟ್ ಹೊಡೆಸುವುದು ತಲೆಯ ಮೇಲೆ ಕಲ್ಲು ತೂಗುಹಾಕಿಕೊಂಡ ಹಾಗೆ. ಇದಕ್ಕೂ ಇಂಜಿನಿಯರೇ.

ಅಪಾರ್ಟ್‌ಮೆಂಟ್ ಆಗಿದ್ದು, ಕಲೆ ಇರುವುದು ಮೇಲಿನ ಮನೆಯ ಬಾತ್‌ರೂಮಿನ ಕೆಳಗಾದರೆ ಮೇಲಿನವರ ಜೊತೆ ಜಗಳಕ್ಕೆ ಮುಂಚೆ ಪುರಾವೆ ಬೇಕು. ಆ ಬಾತ್‌ರೂಮನ್ನು ಮೂರು ದಿನ ಬಳಸದಿರಲು ಕೇಳಿ, ಅಥವಾ ಅವರ ನೆಲದ ಟ್ರ್ಯಾಪ್ ಮುಚ್ಚಿ ಅಡುಗೆ ಬಣ್ಣ ಕಲಸಿದ ನೀರನ್ನು ಒಂದಿಂಚು ನಿಲ್ಲಿಸಿ. ಬಣ್ಣ ನಿಮ್ಮ ಕಡೆ ಬಂದರೆ ವಾದ ಮುಗಿಯಿತು. ಒಂದು ರಾತ್ರಿಗೆ ಬರಲಿಲ್ಲವೆಂದು ಮಾತ್ರ ಅವರನ್ನು ಬಿಟ್ಟುಬಿಡಬೇಡಿ. ಬಾತ್‌ರೂಮಿನ ಪೈಪುಗಳಿಗಾಗಿ ತಗ್ಗಿಸಿ ಹಾಕಿದ ಸಂಕನ್ ಸ್ಲ್ಯಾಬಿನಲ್ಲಿ ತುಂಬಿದ ಇಟ್ಟಿಗೆ ಚೂರುಗಳೆಲ್ಲ ನೆನೆದ ಮೇಲೆ ನೀರು ಕೆಳಗಿಳಿಯುವುದರಿಂದ ದಿನಗಳೇ ಹಿಡಿಯಬಹುದು.

ಜಿಪ್ಸಂ ಬೋರ್ಡ್

ಇದು ಬೇರೆ ಕಸುಬು, ಬೇರೆ ಜನ. ಗಾರೆ ಮೇಸ್ತ್ರಿಯನ್ನು ಕರೆದರೆ ಪಾಪ, ಅವರು ಸಿಮೆಂಟೇ ಮೆತ್ತುತ್ತಾರೆ. ಫಾಲ್ಸ್ ಸೀಲಿಂಗ್ ಹಾಕುವ ತಂಡವನ್ನು ಕೇಳಿ. ಜಾಯಿಂಟ್ ಉದ್ದಕ್ಕೂ ನೇರ ಗೆರೆ ಬಿರಿದಿದ್ದರೆ ಹಳೆಯ ಟೇಪ್ ಕಿತ್ತು ಹೊಸ ಪೇಪರ್ ಟೇಪ್, ಜಾಯಿಂಟ್ ಕಾಂಪೌಂಡ್ ಆಗಬೇಕು. ಬರೀ ಪುಟ್ಟಿ ತುಂಬಿದರೆ ಫ್ಯಾನ್ ಅದುರುವುದಕ್ಕೇ ಬಿಡುತ್ತದೆ. ಅಂಗೈಗಿಂತ ಸಣ್ಣ ತೂತಾದರೆ ಜಾಲರಿ ಟೇಪಿನ ತೇಪೆ ಸಾಕು, ದೊಡ್ಡದಾದರೆ ಚೌಕವಾಗಿ ಕತ್ತರಿಸಿ ಹಿಂದೆ ಆಸರೆ ಕೊಟ್ಟು ಹೊಸ ತುಂಡು. ನೀರು ಕುಡಿದು ಜೋತ ಬೋರ್ಡ್ ಒಣಗಿದ ಮೇಲೆ ನೆಟ್ಟಗಾಗುವುದಿಲ್ಲ, ಚಾನೆಲ್‌ವರೆಗೂ ಕತ್ತರಿಸಿ ಎಸೆಯಬೇಕು. ಹೊಸದಕ್ಕೆ ದಪ್ಪ 12.5 ಮಿಲಿಮೀಟರ್ ಅಂತ ಹೇಳಿ, ಬಾತ್‌ರೂಮ್ ಪಕ್ಕವಾದರೆ ಹಸಿರು ಕಾಗದದ ತೇವ ತಡೆಯುವ ಬೋರ್ಡ್ ಕೇಳಿ.

ಈಗ ಫೋನ್ ಮಾಡಿ

ಸೋರಿಕೆ ನಿಂತ ಮೇಲೂ ಗೋಡೆಗೆ ಒಣಗಲು ಬಿಡಬೇಕು. ಹಾಳಾದ ಪುಟ್ಟಿ, ಪ್ಲಾಸ್ಟರ್ ಕಿತ್ತು ಬಿಟ್ಟರೆ ಬೇಗ ಒಣಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಜನವರಿಯಿಂದ ಏಪ್ರಿಲ್ ಒಳಗೆ ಮಾಡಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲೇ ತೇವವಿರುವುದರಿಂದ ಗೋಡೆ ಬೇಗ ಒಣಗುವುದಿಲ್ಲ. ದೀಪಾವಳಿಗೆ ಮನೆ ಚೆನ್ನಾಗಿ ಕಾಣಲೆಂದು ಅವಸರದಲ್ಲಿ ಹೊಡೆಸಿದ ಪುಟ್ಟಿ ಯುಗಾದಿಗೆ ಉದುರುವುದು ಈ ಕಾರಣಕ್ಕೇ.

ಮೇಸ್ತ್ರಿ ಬಂದಾಗ ನೀವು ಕಂಡುಹಿಡಿದದ್ದನ್ನು ತಕ್ಷಣ ಹೇಳಬೇಡಿ. "ಯಾಕೆ ಹೀಗಾಗಿದೆ ಮೇಸ್ತ್ರಿ?" ಅಂತ ಕೇಳಿ ಸುಮ್ಮನಿರಿ. ಗೋಡೆ ತಟ್ಟಿ ನೋಡಿ, "ಈ ಗೋಡೆ ಆಚೆ ಏನಿದೆ?" ಅಂತ ಕೇಳುವವರಾದರೆ ಕೂರಿಸಿ ಕಾಫಿ ಕೊಡಿ. ಚಪ್ಪಲಿ ಬಿಡುವ ಮುಂಚೆಯೇ ರೇಟು ಹೇಳುವವರನ್ನು ನಾನು ನಂಬುವುದಿಲ್ಲ. ಹಾರ್ಡ್‌ವೇರ್ ಅಂಗಡಿಯವರು ಕೊಡುವ ನಂಬರ್ ಸಾಮಾನ್ಯವಾಗಿ ಒಳ್ಳೆಯದೇ, ಯಾಕೆಂದರೆ ಆ ಮೇಸ್ತ್ರಿ ನಾಳೆಯೂ ಅದೇ ಅಂಗಡಿಗೆ ಬರಬೇಕು.

ಸಣ್ಣ ತೇಪೆಗೆ ಚದರಡಿ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಹತ್ತು ಚದರಡಿಯಾದರೂ ಒಡೆದು ಗಾರೆ ಹಾಕಲು ಒಂದು ಸಲ, ಪುಟ್ಟಿಗೆ ಒಂದು ಸಲ, ಉಜ್ಜಿ ಎರಡನೇ ಕೋಟಿಗೆ ಇನ್ನೊಂದು ಸಲ ಬರಲೇಬೇಕು. ನೀವು ಕೊಡುತ್ತಿರುವುದು ಅವರ ದಿನಗಳಿಗೆ. ಹಾಗಾಗಿ ಮೇಸ್ತ್ರಿಗೆ ಎಷ್ಟು ದಿನ, ಹೆಲ್ಪರ್‌ಗೆ ಎಷ್ಟು ದಿನ ಅಂತ ಕೂಲಿ ಲೆಕ್ಕದಲ್ಲಿ ಮಾತಾಡಿ. ಪೂರ್ತಿ ಗೋಡೆಯಾದರೆ ಚದರಡಿ ಲೆಕ್ಕ ಸರಿ. ಆಗ ಒಡೆಯುವುದು, ಡೆಬ್ರಿಸ್ ಮೂಟೆ ಕಟ್ಟಿ ಸಾಗಿಸುವುದು, ಪುಟ್ಟಿ ಎಷ್ಟು ಕೋಟು ಅನ್ನುವುದೆಲ್ಲ ರೇಟಿನೊಳಗೇ ಇದೆಯಾ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಡೆಬ್ರಿಸ್ ಮಾತು ಮರೆತರೆ ಮೂಟೆಗಳು ರಾತ್ರೋರಾತ್ರಿ ರಸ್ತೆ ಮೂಲೆಯ ಮರದ ಬುಡ ಸೇರುತ್ತವೆ, ಬೈಗುಳ ನಿಮಗೆ ಬರುತ್ತದೆ.

ಸಾಮಾನು ನೀವೇ ತರುವುದಾದರೆ ಒಂದು ಅಂದಾಜು: ನಲವತ್ತು ಚದರಡಿಗೆ 12ರಿಂದ 20 ಮಿಲಿಮೀಟರ್ ದಪ್ಪ, ಒಂದಕ್ಕೆ ಐದರ ಮಿಶ್ರಣವಾದರೆ 50 ಕಿಲೋ ಮೂಟೆಯಲ್ಲಿ ಸುಮಾರು ಅರ್ಧ ಸಿಮೆಂಟ್, ಎರಡರಿಂದ ಮೂರೂವರೆ ಘನ ಅಡಿ ಮರಳು. ಮೂರು ಮೂಟೆ ತನ್ನಿ ಅಂದರೆ ಯಾಕೆ ಅಂತ ಕೇಳಿ. ಮರಳು ಪ್ಲಾಸ್ಟರಿಗೆಂದೇ ಜರಡಿಯಾದ ಪಿ-ಸ್ಯಾಂಡ್ ಇರಲಿ.

ಕೆಲಸದ ದಿನ ಮೇಸ್ತ್ರಿಯ ತಲೆಯ ಮೇಲೆ ನಿಲ್ಲಬೇಕಿಲ್ಲ, ನಾಲ್ಕು ಹೊತ್ತಿನಲ್ಲಿ ಮಾತ್ರ ಹಾಜರಿರಿ. ಒಡೆದಾದ ಮೇಲೆ: ಸೀಮೆಸುಣ್ಣದ ಸುತ್ತಿನಿಂದ ಆರು ಇಂಚು ಆಚೆಗೆ, ಗಟ್ಟಿ ಪ್ಲಾಸ್ಟರ್ ಸಿಗುವವರೆಗೂ ಒಡೆದಿದ್ದಾರಾ, ಅಂಚು ನೇರವಾಗಿದೆಯಾ. ಗಾರೆಗೆ ಮುಂಚೆ: ಧೂಳು ಗುಡಿಸಿ, ಗೋಡೆ ನೆನೆಸಿದ್ದಾರಾ, ಕಾಂಕ್ರೀಟ್ ಭಾಗಕ್ಕೆ ಹ್ಯಾಕಿಂಗ್, ಅಂದರೆ ಗಾರೆ ಹಿಡಿಯಲು ಕಚ್ಚು ಹೊಡೆಯುವುದು, ಆಗಿದೆಯಾ. ಕಲಸುವಾಗ: ಬೆಳಗ್ಗೆ ಕಲಸಿದ್ದನ್ನೇ ಊಟದ ನಂತರ ನೀರು ಹಾಕಿ ಮತ್ತೆ ಮೆತ್ತಗೆ ಮಾಡುತ್ತಿದ್ದಾರಾ. ಸಿಮೆಂಟ್ ಅರ್ಧ ಗಂಟೆ ಕಳೆದರೆ ಗಟ್ಟಿಯಾಗಲು ಶುರುವಾಗಬಹುದು, ಆಮೇಲೆ ನೀರು ಸೇರಿಸಿದ್ದು ಗೋಡೆಯಲ್ಲಿ ನಿಲ್ಲದು. ಸ್ವಲ್ಪ ಸ್ವಲ್ಪವೇ ಕಲಸಲಿ. ನಾಲ್ಕನೆಯದು ಅವರು ಹೋದ ಮೇಲಿನ ಕ್ಯೂರಿಂಗ್, ಅದು ನಿಮ್ಮ ಕೆಲಸ. ಏಳು ದಿನ ಬೆಳಗ್ಗೆ ಸಂಜೆ ನೀರು ಚಿಮುಕಿಸಿ. ಜಿಪ್ಸಂ ಪ್ಲಾಸ್ಟರಿಗೆ ಮಾತ್ರ ಒಂದು ಹನಿಯೂ ಹಾಕಬೇಡಿ. ನನ್ನ ತಂಗಿ ಕನಕಪುರ ರಸ್ತೆಯ ತನ್ನ ಫ್ಲ್ಯಾಟ್‌ನಲ್ಲಿ ಶ್ರದ್ಧೆಯಿಂದ ಮೂರು ದಿನ ನೀರು ಹೊಡೆದು, ಹೊಸ ತೇಪೆಯನ್ನು ತಾನೇ ಕೆಡಿಸಿಕೊಂಡಳು.

ಸಿಮೆಂಟ್ ತೇಪೆಯಾದರೆ ಕ್ಯೂರಿಂಗ್ ಆಗಿ ಮೂರು ನಾಲ್ಕು ವಾರ ಒಣಗಲಿ, ಆಮೇಲೆ ಪುಟ್ಟಿ. ಪುಟ್ಟಿ ತೆಳುವಾಗಿ ಎರಡು ಕೋಟು. ಗುಂಡಿ ತುಂಬುವ ಕೆಲಸ ಅದರದ್ದಲ್ಲ. ಪೇಂಟನ್ನು ತೇಪೆಗಷ್ಟೇ ಹೊಡೆಸಿದರೆ ಅದೇ ಡಬ್ಬಿಯ ಬಣ್ಣವಾದರೂ ಎದ್ದು ಕಾಣುತ್ತದೆ, ಆ ಮೂಲೆಯಿಂದ ಈ ಮೂಲೆವರೆಗೆ ಇಡೀ ಗೋಡೆಗೆ ಹೊಡೆಸಿ.

ದುಡ್ಡು ಮೂರು ಕಂತು. ಸಾಮಾನಿಗೆ ಸ್ವಲ್ಪ ಮುಂಗಡ, ಗಾರೆ ಮುಗಿದಾಗ ದೊಡ್ಡ ಪಾಲು, ಪೇಂಟ್ ಆದ ಮೇಲೆ ಉಳಿದದ್ದು. ಮೊದಲ ದೊಡ್ಡ ಮಳೆಯವರೆಗೂ ಸ್ವಲ್ಪ ಹಿಡಿದಿಟ್ಟುಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ತಾರಸಿಯ ವಾಟರ್‌ಪ್ರೂಫಿಂಗ್ ಕಾಂಟ್ರಾಕ್ಟಿಗೆ ಅದು ಸರಿ, ಮೊದಲೇ ಮಾತಾಗಿರಬೇಕು ಅಷ್ಟೇ. ದಿನಗೂಲಿಯ ಮೇಸ್ತ್ರಿಯ ದುಡ್ಡು ಹಿಡಿಯಬೇಡಿ, ಅವರ ಮನೆಯ ಅಕ್ಕಿ ನಿಮ್ಮ ಮಳೆಗೆ ಕಾಯುವುದಿಲ್ಲ.

ನಮ್ಮ ಹಾಲ್‌ನ ಗೋಡೆಗೆ ಮೂರನೆಯ ಸಲ ಗಾರೆ ಮಾಡಿದವರು ಹೋಗುವ ಮುಂಚೆ ಟಿವಿ ಹಿಂದೆ, ಯಾರಿಗೂ ಕಾಣದ ಕಡೆ, ನನ್ನ ಕೈಯಿಂದಲೇ ಪೆನ್ಸಿಲ್‌ನಲ್ಲಿ ತಾರೀಕು ಬರೆಸಿದರು. ಅದರ ಕೆಳಗೆ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಎರಡು ಗೆರೆ.